ಬಂಡೆಯಮ್ಮನ ಬಲಸುತ್ತು

ಆಯುಧಪೂಜೆಯ ಮಾರನೇ ದಿನ ಬೆಳಿಗ್ಗೆ ದ್ರಾಕ್ಷಾಯಿಣಿ ಕೆಂಚನಕೆರೆಗೆ ಬಂದಾಗ ಸೇತುವೆ ತನ್ನ ಜಾಗದಲ್ಲೇ ಇತ್ತು. ಹಳಿಗೆ ವಿಭೂತಿ ಬಳಿದಿದ್ದರು. ಕೈಗಂಬಿಗಳಿಗೆ ಬಾಳೆಕಂದು ಕಟ್ಟಿದ್ದರು. ನಾಲ್ಕು ಮೂಲೆಯಲ್ಲೂ ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿತ್ತು. ಎಲ್ಲ ಸರಿಯಾಗಿಯೇ ಇದೆ ಅಂದುಕೊಂಡು ಅವಳು ಅಭ್ಯಾಸಕ್ಕೆ ಒಂದು ಸಲ ಸೇತುವೆಯ ಕೆಳಗೆ ಬಗ್ಗಿ ನೋಡಿದಳು.

ಮೋಟಾರಿಗೆ ಕರೆಂಟು ತರುವ ಹೆಬ್ಬೆರಳು ಗಾತ್ರದ ಕೇಬಲ್ಲು ನಡುಗಂಬದ ಸುತ್ತ ಬುಗುರಿಗೆ ಚಾಟಿ ಸುತ್ತಿದ ಹಾಗೆ ಬಿಗಿದುಕೊಂಡಿತ್ತು. ಒಂದು ಸುತ್ತು, ಎರಡು, ಮೂರು. ಅದರ ತುದಿಯಲ್ಲಿ ಮೋಟಾರಿನ ಡಬ್ಬಿ ಬೇರು ಸಮೇತ ಕಿತ್ತು ಬಂದು ನೇತಾಡುತ್ತಿತ್ತು. ಒಳಗಿನ ತಾಮ್ರದ ಎಳೆಗಳು ಕರುಳಿನಂತೆ ಹೊರಕ್ಕೆ ಬಂದಿದ್ದವು.

"ಯಾರು ಇದನ್ನ ತಿರುಗಿಸಿದ್ದು?"

ದಡದಲ್ಲಿ ಒಲೆ ಹಚ್ಚುತ್ತಿದ್ದ ದಾಸಮ್ಮ ಊದುಕೊಳವೆ ಕೆಳಗಿಟ್ಟಳು. ಅವಳ ಗಂಡ ಪುಟ್ಟಲಿಂಗಯ್ಯ, ಸೇತುವೆ ಕೂರಿಸಿದ ಆಳುಗಳ ಮೇಸ್ತ್ರಿ, ಕುರಿಗಳಿಗೆ ಸೊಪ್ಪು ಹಾಕುವ ನೆವದಲ್ಲಿ ಆ ಕಡೆ ತಿರುಗಿಕೊಂಡ. ವೆಲ್ಡರ್ ಚಿಕ್ಕರಾಜು ಮಾತ್ರ ಎಲ್ಲಿಗೂ ತಿರುಗಿಕೊಳ್ಳಲಾಗದೆ ಸಿಕ್ಕಿಬಿದ್ದ.

"ಅದೂ ಮೇಡಂ... ಪೂಜೆ ಅಲ್ವ್ರಾ..."

ಅಂದು ಶುಕ್ರವಾರ. ಸೋಮವಾರ ಸೇತುವೆಯ ಪರೀಕ್ಷೆ. ಸೋಮವಾರ ಸೇತುವೆ ತೆರೆದುಕೊಳ್ಳದಿದ್ದರೆ ಮಂಗಳವಾರ ಅದರ ಎರಡು ತುದಿಗಳನ್ನೂ ದಡಕ್ಕೆ ವೆಲ್ಡ್ ಮಾಡಿಬಿಡುವುದು ಎಂದು ತೀರ್ಮಾನವಾಗಿತ್ತು. ಹಾಗಾದರೆ ಅದು ತಿರುಗುವ ಸೇತುವೆಯಾಗಿ ಉಳಿಯುವುದಿಲ್ಲ. ದ್ರಾಕ್ಷಾಯಿಣಿ ತನ್ನ ಹೆಸರಿನಲ್ಲಿ ಮಾಡಿದ ಮೊದಲ ಕೆಲಸ ಒಂದು ಕಬ್ಬಿಣದ ಹಲಗೆಯಾಗಿ ಮುಗಿಯುತ್ತದೆ.

ಕೂಟಗಲ್ ಹೋಬಳಿಯ ಕೆಂಚನಕೆರೆ ಸೊಂಟ ಬಿಗಿದ ಕೆರೆ. ಎರಡು ಬೋಳುಗುಡ್ಡಗಳು ಎದುರುಬದುರಾಗಿ ನುಗ್ಗಿ ಬಂದು ನೀರನ್ನು ನಡುವೆ ಹಿಸುಕಿವೆ. ಆ ಸೊಂಟದ ನಟ್ಟನಡುವೆ ಚಪ್ಪಟೆ ನೆತ್ತಿಯ ಒಂದು ಬಂಡೆ ನೀರಿನಿಂದ ಎದ್ದು ನಿಂತಿದೆ. ಊರವರು ಅದರ ಮುಖಕ್ಕೆ ಅರಿಶಿನ ಕುಂಕುಮ ಹಚ್ಚಿ ಬಂಡೆಯಮ್ಮ ಎನ್ನುತ್ತಾರೆ. ಕೆರೆಯ ಕೆಳಗಿನ ಅರ್ಧಕ್ಕೆ ಉದ್ಯಾನ ಮಾಡಿ ಸುತ್ತ ಒಂದು ಪುಟ್ಟ ರೈಲು ಓಡಿಸಬೇಕೆಂದು ಸರ್ಕಾರದ ಯೋಜನೆ. ಎರಡಡಿ ಅಗಲದ ಹಳಿ, ಬ್ಯಾಟರಿ ಎಂಜಿನ್ನು, ಅದರ ಹಿಂದೆ ನಾಲ್ಕು ಬೋಗಿ. ಕೆರೆ ಸುತ್ತಬೇಕೆಂದರೆ ರೈಲು ಈ ಸೊಂಟವನ್ನು ದಾಟಲೇಬೇಕು. ಎತ್ತರಕ್ಕೆ ಸೇತುವೆ ಕಟ್ಟಿದರೆ ಆ ಎಂಜಿನ್ನಿಗೆ ಏರುವ ದಮ್ಮಿಲ್ಲ. ತಗ್ಗಿಗೆ ಕಟ್ಟಿದರೆ ಮೀನುಗಾರರ ದೋಣಿಗೆ ದಾರಿಯಿಲ್ಲ. ಮೀನು ಇರುವುದೆಲ್ಲ ಮೇಲಿನ ಅರ್ಧದಲ್ಲಿ, ಮೀನು ಇಳಿಸುವ ಕಟ್ಟೆ ಮತ್ತು ರಸ್ತೆ ಕೆಳಗಿನ ಅರ್ಧದಲ್ಲಿ.

ಮೀನುಗಾರರ ಸಂಘದ ಗಫಾರ್ ಮೊದಲ ಸಭೆಯಲ್ಲೇ ಎದ್ದು ನಿಂತು ಹೇಳಿದ್ದ: "ನಿಮ್ ರೈಲು ಓಡ್ಲಿ ಸಾರ್, ನಾವೇನು ಬ್ಯಾಡ ಅನ್ನಾಕಿಲ್ಲ. ಆದ್ರೆ ನಮ್ ದೋಣಿಗೆ ರೆಕ್ಕೆ ಇಲ್ಲ. ಅಷ್ಟೇ ನಮ್ ತಕರಾರು."

ಅದಕ್ಕೇ ತಿರುಗುವ ಸೇತುವೆ. ಬಂಡೆಯಮ್ಮನ ನೆತ್ತಿಯ ಮೇಲೆ ಒಂದು ಗಿಡ್ಡ ಕಂಬ, ಅದರ ಮೇಲೆ ತಕ್ಕಡಿಯ ದಂಡಿಗೆಯಂತೆ ಎರಡೂ ಕಡೆ ಸಮವಾಗಿ ಚಾಚಿದ ಹನ್ನೊಂದು ಟನ್ನಿನ ಉಕ್ಕಿನ ಸೇತುವೆ. ರೈಲು ಬರುವಾಗ ದಡದಿಂದ ದಡಕ್ಕೆ ಅಡ್ಡ ಮಲಗಿರುತ್ತದೆ. ದೋಣಿ ಬರುವಾಗ ಕಾಲು ಸುತ್ತು ತಿರುಗಿ ನೀರಿನ ಉದ್ದಕ್ಕೆ ನಿಲ್ಲುತ್ತದೆ. ಬಂಡೆಯ ಎರಡು ಕಡೆಯಲ್ಲೂ ದಾರಿ ತೆರೆಯುತ್ತದೆ.

ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಷೆಡ್ಡಿಗೆ ಆ ಕೆಲಸ ಬಂತು. ಷೆಡ್ಡಿನ ಯಜಮಾನರು ಅದನ್ನು ದ್ರಾಕ್ಷಾಯಿಣಿಗೆ ಕೊಟ್ಟರು. ಬೇರೆ ಯಾರೂ ಒಪ್ಪಿರಲಿಲ್ಲ ಎನ್ನುವುದೇ ಕಾರಣ. ಅವಳು ಮಾಗಡಿ ಪೇಟೆಯ ಹಾರ್ಡ್‌ವೇರ್ ಅಂಗಡಿ ಚನ್ನಲಿಂಗಪ್ಪನವರ ಮಗಳು. ದಾಕ್ಷಾಯಿಣಿ ಎಂದಿರಬೇಕಾದದ್ದನ್ನು ಅಪ್ಪ ಶಾಲೆಯಲ್ಲಿ ದ್ರಾಕ್ಷಾಯಿಣಿ ಎಂದು ಬರೆಸಿದ್ದರಿಂದ ಕೆಲಸದ ಜಾಗದಲ್ಲಿ ಎಲ್ಲರಿಗೂ ಅವಳು ದ್ರಾಕ್ಷಿ ಮೇಡಂ. ಈ ಹೆಸರಿಗೆ ಅವಳು ಮೊದಮೊದಲು ಸಿಡುಕುತ್ತಿದ್ದಳು. ಆಮೇಲೆ ಸಿಡುಕಲು ಪುರುಸೊತ್ತು ಸಿಗಲಿಲ್ಲ.

ತಿರುಗುವ ಸೇತುವೆಯ ಜೀವ ನಡುವಿನಲ್ಲಿದೆ. ಊಟದ ತಟ್ಟೆಯಷ್ಟು ಅಗಲದ ಒಂದು ಕಂಚಿನ ಬಿಲ್ಲೆ, ಬಟ್ಟಲಿನಂತೆ ಒಳಕ್ಕೆ ತಗ್ಗಿದ್ದು. ಅದರೊಳಗೆ ಕೂರುವ ಉಬ್ಬಿದ ಉಕ್ಕಿನ ಬಿಲ್ಲೆ. ಇಡೀ ಭಾರ ಈ ಎರಡರ ನಡುವೆ. ಚನ್ನಪಟ್ಟಣದ ಲೇತ್ ಕೆಲಸದ ಮುಜಾಮಿಲ್ ಎರಡನ್ನೂ ಕಡೆದು ಕೊಟ್ಟಿದ್ದ. ಆಮೇಲೆ ಅವನೂ ಅವಳೂ ಎದುರುಬದುರು ಕೂತು ಉಕ್ಕಿಗೆ ನೀಲಿ ಬಣ್ಣ ಸವರುವುದು, ಕಂಚಿನೊಳಗೆ ಇಟ್ಟು ತಿರುಗಿಸುವುದು, ಕಂಚಿನಲ್ಲಿ ಎಲ್ಲಿ ಬಣ್ಣ ಹತ್ತಿತೋ ಅಲ್ಲಿ ಉಬ್ಬಿದೆ ಎಂದು ಕೆರೆಯುವುದು, ಮತ್ತೆ ಬಣ್ಣ, ಮತ್ತೆ ಕೆರೆತ, ಹೀಗೆ ವಾರಗಟ್ಟಲೆ ಮಾಡಿದ್ದರು. ಯಜಮಾನರು ಬಂದು, "ಏನಮ್ಮಾ, ದೇವರ ವಿಗ್ರಹ ಕೆತ್ತುತ್ತಾ ಇದೀರಾ?" ಎಂದರೆ, ಮುಜಾಮಿಲ್, "ಇಲ್ಲಾ ಸಾರ್, ನಾನು ಯಾವತ್ತೋ ಸಾಕು ಅಂದೆ. ಮೇಡಮ್ಮೇ ಬಿಡ್ತಿಲ್ಲ," ಎಂದು ನೀಲಿ ಹತ್ತಿದ ಕೈ ತೋರಿಸುತ್ತಿದ್ದ. ಕಂಚಿನ ತುಂಬ ಸಮವಾಗಿ ನೀಲಿ ಚುಕ್ಕೆ ಮೂಡಿದ ದಿನವೇ ಅವಳು ಕೆರೆಯುವ ಉಳಿ ಕೆಳಗಿಟ್ಟದ್ದು.

ಬಂಡೆಗೆ ತೂತು ಕೊರೆಯಲು ಬಂದಾಗ ದಾಸಮ್ಮ ಅಡ್ಡ ನಿಂತಳು. "ಕುಂಕುಮ ಇಕ್ಕಿರೋ ಮಕಕ್ಕೆ ಮಿಸಿನ್ ಮಡಗ್ಬ್ಯಾಡಿ. ನೆತ್ತಿ ಮ್ಯಾಲೆ ಮಡೀಕಳಿ. ಹೊರೆ ಹೊರಾದು ಹೆಂಗಸ್ರಿಗೇನು ಹೊಸದಾ?" ದ್ರಾಕ್ಷಾಯಿಣಿಗೆ ಬೇಕಿದ್ದದ್ದೂ ನೆತ್ತಿಯೇ. ತಕ್ಷಣ ಒಪ್ಪಂದವಾಯಿತು. ಬಂಡೆಯ ಮೇಲೆ ಚಪ್ಪಲಿ ಹಾಕಿ ಇಳಿಯಬಾರದು ಎನ್ನುವ ಇನ್ನೊಂದು ಷರತ್ತಿಗೂ ಅವಳು ಹೂಂ ಎಂದಳು.

ಬಿಡದಿಯಿಂದ ಟ್ರೈಲರ್ ಮೇಲೆ ಸೇತುವೆ ಹೊರಟ ದಿನ ರಾಮನಗರದ ಗೂಡಿನ ಮಾರುಕಟ್ಟೆಯ ಹತ್ತಿರ ರಸ್ತೆ ಗಂಟು ಬಿತ್ತು. ರೇಷ್ಮೆಗೂಡಿನ ಚೀಲ ಹೊತ್ತವರೆಲ್ಲ ನಿಂತು, ಇದ್ಯಾವ ಊರಿನ ತೊಟ್ಟಿಲು ಎಂದು ಕೇಳಿದರು. ದಡದಲ್ಲಿ ನಿಂತ ಕ್ರೇನು ಅದನ್ನೆತ್ತಿ ನೀರಿನ ಮೇಲೆ ಹಿಡಿದಾಗ ಪುಟ್ಟಲಿಂಗಯ್ಯ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು, "ಬುಡು, ಬುಡು, ಒಸಿ ಬುಡು, ತಡಿಲಾ ಲೇ!" ಎಂದು ಕೂಗುತ್ತ ಕೈಯಾಡಿಸಿದ. ಉಕ್ಕಿನ ಬಿಲ್ಲೆ ಕಂಚಿನ ಬಟ್ಟಲಿಗೆ ಇಳಿಯಿತು. ಸದ್ದೇ ಬರಲಿಲ್ಲ. ಸದ್ದು ಬಾರದ್ದೇ ಒಳ್ಳೆಯದೆಂದು ದ್ರಾಕ್ಷಾಯಿಣಿಗೆ ಗೊತ್ತಿತ್ತು. ಆದರೂ ಒಂದು ಸದ್ದು ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಜಗಳ ಶುರುವಾದದ್ದು ಅದಾದ ಮೇಲೆ. ಮೋಟಾರು ಹಚ್ಚಿ ಮೊದಲ ಸಲ ಸೇತುವೆ ತೆರೆದಾಗ ಅದು ಎಡಸುತ್ತಿಗೆ ತಿರುಗಿತು. ದಾಸಮ್ಮ ಬಾಯ ಮೇಲೆ ಕೈಯಿಟ್ಟುಕೊಂಡಳು.

"ಇದ್ಯಾಕವ್ವಾ ಇಂಗೆ ತಿರುಗ್ತದೆ? ಅಮ್ಮನ್ನ ಎಡಕ್ಕಾ ಸುತ್ತಾದು? ಹೆಣ ಹೊತ್ತೋರು ಸುತ್ತಂಗೆ?"

"ಇದಕ್ಕೆ ಎಂಜಿನಿಯರಿಂಗ್ ಕಾರಣ ಇದೆ, ದಾಸಮ್ಮ."

"ಏನದು?"

"ಹೇಳಿದ್ರೆ ಅರ್ಥ ಆಗಲ್ಲ."

ಅರ್ಥವಾಗದ್ದು ಏನೂ ಇರಲಿಲ್ಲ. ಕಾರಣವೇ ಇರಲಿಲ್ಲ. ಗಣಿತದಲ್ಲಿ ಕೋನ ಅಳೆಯುವುದು ಎಡಸುತ್ತಿಗೆ. ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿದರೆ ಕೂಡುವ ಚಿಹ್ನೆ, ಜೊತೆಗೆ ತಿರುಗಿದರೆ ಕಳೆಯುವ ಚಿಹ್ನೆ. ಕಂಪ್ಯೂಟರಿನಲ್ಲಿ ತೊಂಬತ್ತು ಎಂದು ಒತ್ತಿದಳು, ನಕ್ಷೆಯಲ್ಲಿ ಸೇತುವೆ ಎಡಕ್ಕೆ ತಿರುಗಿತು. ಬಾಣದ ಗುರುತು ಅತ್ತ ಹೋಯಿತು, ಮೋಟಾರೂ ಕೇಬಲ್ಲೂ ಅತ್ತಲೇ ಹೋದವು. ಬಲಕ್ಕೂ ಅಷ್ಟೇ ಚೆನ್ನಾಗಿ ತಿರುಗಬಹುದಿತ್ತು. ಇಷ್ಟನ್ನು ಒಪ್ಪಿಕೊಳ್ಳುವುದಕ್ಕಿಂತ, ಹೇಳಿದರೆ ಅರ್ಥ ಆಗಲ್ಲ ಎನ್ನುವುದು ಸುಲಭವಾಗಿತ್ತು.

ಈಗ ಅದರ ಫಲ ಕೇಬಲ್ಲಿನ ರೂಪದಲ್ಲಿ ಕಂಬಕ್ಕೆ ಸುತ್ತಿಕೊಂಡಿತ್ತು.

"ನೀವು ಇಷ್ಟು ದಿನ ಎಡಕ್ಕೆ ತಿರುಗ್ಸಿದ್ನ ಪೂಜೆ ದಿನ ಕಳೀಬೇಕು ಅಂದ್ಬುಟ್ಲು ಮೇಡಂ ದಾಸಕ್ಕ," ಎಂದ ಚಿಕ್ಕರಾಜು. "ಮೂರು ಸುತ್ತು ಬಲಕ್ಕೆ ತಿರುಗ್ಸಿದ್ರೆ ದೋಸ ಹೋಯ್ತದೆ ಅಂತ."

"ತಡೆಗೂಟ ಇತ್ತಲ್ಲ? ಅದು ತಿರುಗೋಕೆ ಬಿಡಲ್ವಲ್ಲ?"

"ಅಡ್ಡ ಬತ್ತಿತ್ತು. ಬಿಚ್ಚಿ ಮಡಗಿವ್ನಿ. ಎಣ್ಣೆ ಹಚ್ಚಿ ಜ್ವಾಪಾನವಾಗಿ ಮಡಗಿವ್ನಿ," ಎಂದ, ಅದರಿಂದಾದರೂ ಶಿಕ್ಷೆ ಕಡಿಮೆಯಾದೀತು ಎನ್ನುವವನಂತೆ.

ಪುಟ್ಟಲಿಂಗಯ್ಯ ಕುರಿಗಳನ್ನು ಬಿಟ್ಟು ಹತ್ತಿರ ಬಂದ. "ಎಲ್ಡು ಸುತ್ತು ಬೆಣ್ಣೆ ಹಂಗೆ ಬಂತು ಕಣವ್ವ. ಮೂರ್ನೇ ಸುತ್ನಾಗೆ ಒಸಿ ಬಿಗಿ ಆಯ್ತು. ಅಮ್ಮ ಪರೀಕ್ಸೆ ಮಾಡ್ತಾವ್ಳೆ ಅಂದ್ಕಂಡು ಎಲ್ಲಾ ಸೇರ್ಕಂಡು ಜೋರಾಗಿ ನೂಕ್ಬುಟ್ಟೋ."

ದ್ರಾಕ್ಷಾಯಿಣಿಗೆ ನಗು ಬರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅಪ್ಪನ ಅಂಗಡಿಗೆ ಬರುವ ಲಾರಿ ಡ್ರೈವರುಗಳಿಂದ ಕಲಿತ ಎರಡು ಮಾತನ್ನೂ ಸೇರಿಸಿದಳು. ಮೂವರೂ ತಲೆ ತಗ್ಗಿಸಿ ನಿಂತಿದ್ದರು. ದಾಸಮ್ಮ ಮಾತ್ರ ಕೊನೆಯಲ್ಲಿ, "ಬಯ್ಯವ್ವ, ಬಯ್ಯಿ. ಆದ್ರೆ ಯಾಕೆ ಎಡಕ್ಕೆ ಅಂತ ಅವತ್ತೇ ಏಳಿದ್ರೆ ನಾವ್ಯಾಕೆ ಇಂಗೆ ಮಾಡ್ತಿದ್ದೋ?" ಎಂದಳು.

ದ್ರಾಕ್ಷಾಯಿಣಿ ಫೋನು ತೆಗೆದುಕೊಂಡು ಪಕ್ಕಕ್ಕೆ ಹೋದಳು.

ಮೋಟಾರನ್ನು ಬೆಂಗಳೂರಿಗೆ ಕಳಿಸಿ ಹೊಸದಾಗಿ ಸುತ್ತಿಸಬೇಕು. ಹಬ್ಬ, ಅದರ ಬೆನ್ನಿಗೆ ಶನಿವಾರ, ಭಾನುವಾರ. ಫೋನು ಎತ್ತಿದವರೆಲ್ಲ ಬುಧವಾರ ಎಂದರು. ಕೊನೆಗೆ ಅವಳು ಯೋಜನೆಯ ಸಲಹೆಗಾರ ದಯಾನಂದ್‌ಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದಯಾನಂದ್ ಕೆಟ್ಟವರಲ್ಲ. ಮಕ್ಕಳ ರೈಲಿಗೆ ತಿರುಗುವ ಸೇತುವೆ ದಂಡ ಎಂದು ಮೊದಲ ದಿನದಿಂದ ಹೇಳುತ್ತ ಬಂದವರು, ಅಷ್ಟೇ.

"ಒಳ್ಳೇದೇ ಆಯ್ತು ಬಿಡಮ್ಮ," ಎಂದರು. "ವೆಲ್ಡ್ ಮಾಡಿಬಿಡೋಣ. ಮೀನುಗಾರರಿಗೆ ಮೇಲಿನ ಭಾಗದಲ್ಲಿ ಬೇರೆ ಕಟ್ಟೆ ಕಟ್ಟಿಸಿಕೊಡೋಕೆ ಬರೆಯೋಣ."

"ಅಲ್ಲಿಗೆ ರಸ್ತೆ ಇಲ್ಲ ಸಾರ್."

"ಅದಕ್ಕೂ ಬರೆಯೋಣ."

"ಸೋಮವಾರ ಪರೀಕ್ಷೆ ಆಗಲಿ ಸಾರ್. ನಾನು ಸೇತುವೆ ತೆರೆದು ತೋರಿಸ್ತೀನಿ."

"ಮೋಟಾರಿಲ್ದೆ ಹನ್ನೊಂದು ಟನ್ನು ಹೆಂಗಮ್ಮ ತೆರೀತೀಯ?"

ಅವಳು ಫೋನಿಟ್ಟಳು. ಪುಟ್ಟಲಿಂಗಯ್ಯನ ಒಂದು ಮಾತು ಆಗಿನಿಂದ ಕಿವಿಯಲ್ಲೇ ಉಳಿದಿತ್ತು. ಎರಡು ಸುತ್ತು ಬೆಣ್ಣೆ ಹಾಗೆ ಬಂತು. ಬೆಣ್ಣೆ ಹಾಗೆ ಬರಬಾರದು. ಕರೆಂಟು ಹೋದ ದಿನಕ್ಕೆಂದು ಅವಳು ಸೇತುವೆಯ ಪಕ್ಕಕ್ಕೆ ಒಂದು ನೂಕುಗೋಲು ಸಿಕ್ಕಿಸುವ ಏರ್ಪಾಡು ಮಾಡಿದ್ದಳು. ಬಂಡೆಯ ಮೇಲೆ ಇಳಿದು ಕೋಲನ್ನು ನೂಕುತ್ತ ಸುತ್ತಲೂ ನಡೆದರೆ ಸೇತುವೆ ತಿರುಗುತ್ತದೆ. ಇಬ್ಬರು ಗಟ್ಟಿ ಆಳು ಬೇಕು ಎಂದು ಲೆಕ್ಕ ಹೇಳಿತ್ತು. ಮೋಟಾರು ಇದ್ದುದರಿಂದ ಅದನ್ನು ನೂಕಿ ನೋಡುವ ಗೋಜಿಗೆ ಅವಳು ಹೋಗಿರಲಿಲ್ಲ.

"ಪುಟ್ಟಲಿಂಗಣ್ಣ, ಮೊದಲ ಎರಡು ಸುತ್ತು ಎಷ್ಟು ಜನ ನೂಕಿದ್ರಿ?"

"ನಾವೆಲ್ಲಿ ನೂಕ್ದೋ? ಇವ್ಳೊಬ್ಳೇ ನೂಕಿದ್ದು. ನಾನು ಕಾಯಿ ಹಿಡ್ಕಂಡು ಇಂದ್ಗಡೆ ಓಯ್ತಿದ್ದೆ."

ದಾಸಮ್ಮ ಒಬ್ಬಳೇ. ಮೊಣಕಾಲು ನೋವೆಂದು ದಿನಾ ಎಣ್ಣೆ ಸವರಿಕೊಳ್ಳುವ ದಾಸಮ್ಮ.

ದ್ರಾಕ್ಷಾಯಿಣಿ ಚಪ್ಪಲಿ ಬಿಟ್ಟು ಬಂಡೆಗೆ ಇಳಿದಳು. ಚಿಕ್ಕರಾಜು ಕೇಬಲ್ಲನ್ನು ಕತ್ತರಿಸಿ ಬಿಡಿಸಿದ. ಸೇತುವೆಯ ತುದಿಗಳನ್ನು ದಡದ ಮೇಲೆ ಎತ್ತಿ ಹಿಡಿದಿದ್ದ ಬೆಣೆಗಳನ್ನು ತಿರುಪು ತಿರುಗಿಸಿ ಹಿಂದಕ್ಕೆ ಎಳೆದರು. ಅವಳು ನೂಕುಗೋಲಿಗೆ ಎದೆ ಕೊಟ್ಟು, ಹಲ್ಲು ಕಚ್ಚಿ, ಬಲ ಹಾಕಿ ನೂಕಿದಳು. ಕೋಲು ತಡೆಯೇ ಒಡ್ಡಲಿಲ್ಲ. ಅವಳು ಮುಗ್ಗರಿಸಿ ಮೊಣಕಾಲೂರಿದಳು. ಹನ್ನೊಂದು ಟನ್ನು ಉಕ್ಕು ಅವಳ ತಲೆಯ ಮೇಲಿನಿಂದ ತಣ್ಣಗೆ ಜಾರಿ ಮುಂದಕ್ಕೆ ಹೋಗುತ್ತಿತ್ತು.

"ಅಡ್ಡ ಬಿದ್ದು ನಮಸ್ಕಾರ ಮಾಡಿದ್ದೂ ಆಯ್ತು," ಎಂದಳು ದಾಸಮ್ಮ ದಡದಿಂದ.

ಮೊಣಕಾಲಿನಿಂದ ರಕ್ತ ಬರುತ್ತಿತ್ತು. ದ್ರಾಕ್ಷಾಯಿಣಿ ಹಾಗೆಯೇ ಕೂತು ನೋಡಿದಳು. ಆ ನೀಲಿ ಬಣ್ಣ, ಆ ಕೆರೆತ, ಆ ವಾರಗಳೆಲ್ಲ ಈಗ ಒಂದೇ ಸಲ ಲೆಕ್ಕಕ್ಕೆ ಬಂದಿದ್ದವು. ಮೋಟಾರು ಇರುವವರೆಗೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೂ.

ಮುಂದಿನದು ಹೊಳೆದದ್ದು ಆ ಕೂತಲ್ಲೇ. ಕೇಬಲ್ಲಿದ್ದರೆ ಸೇತುವೆ ಕಾಲು ಸುತ್ತು ಹೋಗಿ ಅದೇ ದಾರಿಯಲ್ಲಿ ವಾಪಸು ಬರಬೇಕು. ಇಲ್ಲದಿದ್ದರೆ ಕೇಬಲ್ಲು ಸುತ್ತಿಕೊಳ್ಳುತ್ತದೆ. ಕೇಬಲ್ಲೇ ಇಲ್ಲದಿದ್ದರೆ? ವಾಪಸು ಬರುವ ಹಂಗೇ ಇಲ್ಲ. ತೆರೆಯಲು ಬಲಕ್ಕೆ ಕಾಲು ಸುತ್ತು, ಮುಚ್ಚಲು ಮತ್ತೆ ಬಲಕ್ಕೆ ಕಾಲು ಸುತ್ತು. ಈ ದಡದಲ್ಲಿದ್ದ ತುದಿ ಆ ದಡಕ್ಕೆ ಹೋಗಿ ಕೂರುತ್ತದೆ, ಆ ತುದಿ ಇಲ್ಲಿಗೆ ಬರುತ್ತದೆ. ಎರಡು ತೋಳುಗಳನ್ನೂ ಒಂದೇ ಅಚ್ಚಿನ ಮೇಲೆ ಕಟ್ಟಿದ್ದಾರೆ. ಎರಡು ತುದಿಗಳನ್ನೂ ಒಂದೇ ಕಮಾನಿಗೆ ಕತ್ತರಿಸಿದ್ದಾರೆ. ಕೂರಬೇಕು.

"ಇನ್ನು ಎಡಕ್ಕೆ ತಿರುಗೋದೇ ಬೇಡ," ಎಂದಳು ಎದ್ದು ನಿಂತು. "ಯಾವತ್ತೂ ಬಲಕ್ಕೇ."

ದಾಸಮ್ಮ ಬಂಡೆಯಮ್ಮನ ಕಡೆ ತಿರುಗಿ ಕೈ ಮುಗಿದಳು.

ಶನಿವಾರ ಬೆಳಿಗ್ಗೆ ಅರ್ಧ ಸುತ್ತು ತಿರುಗಿಸಿ ನೋಡಿದರು. ತುದಿಗಳು ಅದಲುಬದಲಾಗಿ ಕೂತವು. ಹಳಿ ಹಳಿಗೆ ಕೂಡುವ ನಾಲ್ಕು ಜಾಗದಲ್ಲಿ ಏರುಪೇರಿದೆಯೇ ಎಂದು ದ್ರಾಕ್ಷಾಯಿಣಿ ಕಣ್ಣು ಮುಚ್ಚಿ, ಸಂದು ದಾಟಿಸಿ ಉಗುರು ಎಳೆದಳು. ಮೂರು ಕಡೆ ಉಗುರು ತಡೆಯಲಿಲ್ಲ. ನಾಲ್ಕನೆಯ ಕಡೆ ಕೂದಲೆಳೆಯಷ್ಟು ತಡೆಯಿತು. ಅರ ಹಿಡಿದು ಕೂತು ಅದನ್ನೂ ಉಜ್ಜಿ ಹಾಕಿದಳು. ಚಿಕ್ಕರಾಜು ಕಂಬದ ಹತ್ತಿರ ಒಂದು ಕೊಕ್ಕೆ ಬೆಸೆದ. ಬಲಕ್ಕೆ ನೂಕಿದರೆ ಟಕಟಕ ಎಂದು ದಾರಿ ಬಿಡುತ್ತದೆ, ಎಡಕ್ಕೆ ನೂಕಿದರೆ ಕಚ್ಚಿ ಹಿಡಿಯುತ್ತದೆ. ಕಾಲು ಸುತ್ತಿಗೊಂದು ಗುಳಿ ಮಾಡಿ, ಸೇತುವೆ ಸರಿಯಾದ ಜಾಗಕ್ಕೆ ಬಂದಾಗ ತಾನೇ ಬೀಳುವ ಒಂದು ನಾಲಗೆಯನ್ನೂ ಇಟ್ಟರು. ನಾಲಗೆ ಬಿದ್ದಾಗಲೆಲ್ಲ ಠಣ್ ಎನ್ನುವ ಗಟ್ಟಿ ಸದ್ದು ಬರುತ್ತಿತ್ತು. ಆ ಸದ್ದು ಅವಳಿಗೆ ಇಷ್ಟವಾಯಿತು.

ಸೋಮವಾರ ಪರೀಕ್ಷೆಗೆ ಬಂದವರು ಪ್ರತಿಮಾ. ದೊಡ್ಡ ರೈಲಿನ ಸೇತುವೆಗಳನ್ನು ತಪಾಸಣೆ ಮಾಡಿಯೇ ತಲೆ ನರೆಸಿಕೊಂಡು ನಿವೃತ್ತರಾದವರು. ಕೈಯಲ್ಲೊಂದು ಕಪ್ಪು ಕೊಡೆ, ಮಾತು ಕಡಿಮೆ. ಅವರ ಹಿಂದೆ ದಯಾನಂದ್, ಪಾಲಿಶ್ ಮಾಡಿದ ಬೂಟು. ಅವರ ಹಿಂದೆ ಕೂಟಗಲ್ಲಿನ ಅರ್ಧ ಊರು. ನೀರಿನಲ್ಲಿ ಗಫಾರ್ ಮತ್ತು ಸಂಘದ ದೋಣಿಗಳು ಸಾಲಾಗಿ, ಸಂತೆಯ ಬಾಗಿಲು ತೆರೆಯಲೆಂದು ಕಾಯುವವರ ಹಾಗೆ.

ಮೊದಲು ರೈಲು. ಬೋಗಿಗಳ ತುಂಬ ಮರಳಿನ ಮೂಟೆ ಹೇರಿ ಎಂಜಿನ್ನು ಸೇತುವೆಯ ಮೇಲೆ ಹೋಯಿತು, ನಿಂತಿತು, ಹಿಂದಕ್ಕೆ ಬಂತು. ಪ್ರತಿಮಾ ಕೆಳಗೆ ಇಣುಕಿ ಸೇತುವೆ ಎಷ್ಟು ಬಾಗಿತೆಂದು ಅಳತೆ ಮಾಡಿದರು. ಬಿಸಿಲು ನೆತ್ತಿಗೇರಿತ್ತು. ದಯಾನಂದ್ ತುದಿಯ ಸಂದನ್ನು ತೋರಿಸಿ, "ಬೆರಳಗಲ ಬಿಟ್ಟಿದಾರೆ ನೋಡಿ ಮೇಡಂ, ರೈಲು ಟಕ್ ಅನ್ನುತ್ತೆ. ಚಿಕ್ಕದು ಮಾಡಿ ಅಂದ್ರೆ ಕೇಳಲಿಲ್ಲ," ಎಂದರು. ಪ್ರತಿಮಾ ಸಂದಿನಲ್ಲಿ ಕಿರುಬೆರಳು ಇಟ್ಟು ನೋಡಿದರು. ಬಿಸಿಲಿಗೆ ಉಕ್ಕು ಹಿಗ್ಗಿ ಸಂದು ಕಿರಿದಾಗಿತ್ತು. ಬೆರಳು ಇನ್ನೂ ಹೋಗುತ್ತಿತ್ತು. "ಚಿಕ್ಕದು ಮಾಡಿದ್ದಿದ್ರೆ ಈ ಹೊತ್ತಿಗೆ ಕಚ್ಚಿಕೊಂಡಿರ್ತಿತ್ತು," ಎಂದಷ್ಟೇ ಹೇಳಿ ನೆಟ್ಟಗಾದರು.

"ಇನ್ನು ತೆರೀರಿ. ಮೋಟಾರ್ ಎಲ್ಲಿ?"

"ಇಲ್ಲ ಮೇಡಂ," ಎಂದಳು ದ್ರಾಕ್ಷಾಯಿಣಿ. ಪ್ರದಕ್ಷಿಣೆಯ ಕತೆಯನ್ನು ಒಂದು ಮಾತೂ ಬಿಡದೆ ಹೇಳಿದಳು. ಅಮ್ಮ ಪರೀಕ್ಷೆ ಮಾಡುತ್ತಾಳೆ ಎಂದುಕೊಂಡದ್ದನ್ನೂ ಹೇಳಿದಳು. ಜನ ಕಿಸಕ್ಕನೆ ನಕ್ಕರು. ಪುಟ್ಟಲಿಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡ.

"ನಾನು ಹೇಳಲಿಲ್ವಾ ಮೇಡಂ?" ಎಂದರು ದಯಾನಂದ್. "ಇಂಥವರ ಕೈಗೆ ತಿರುಗೋ ಸೇತುವೆ ಕೊಟ್ರೆ ಇನ್ನೇನಾಗುತ್ತೆ?"

ಪ್ರತಿಮಾ ನಗಲಿಲ್ಲ. "ಒಬ್ಬ ಹೆಂಗಸು ಎರಡು ಸುತ್ತು ತಿರುಗಿಸಿದ್ದಾಳೆ ಅಂತೀಯ. ನಾನು ನಂಬಲ್ಲ. ತೋರಿಸು."

ದಾಸಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದಳು. ಪ್ರತಿಮಾ ಕೊಡೆ ಅಡ್ಡ ಹಿಡಿದರು. "ನೀನು ಬೇಡಮ್ಮ. ನಿಂಗೆ ಅಭ್ಯಾಸ ಇದೆ. ಆಗಲ್ಲ ಅನ್ನೋರೇ ನೂಕಲಿ. ದಯಾನಂದ್, ಇಳೀರಿ."

ನೆರೆದವರಲ್ಲಿ ಯಾರೋ ಶಿಳ್ಳೆ ಹಾಕಿದರು. ಪುಟ್ಟಲಿಂಗಯ್ಯನ ಆಳುಗಳು ಬೆಣೆ ಎಳೆದರು. ದಯಾನಂದ್ ಹಿಂದೆ ಮುಂದೆ ನೋಡಿ, ಇದೂ ಒಂದು ಆಗಿ ಮುಗಿಯಲಿ ಎನ್ನುವಂತೆ ಸೇತುವೆಯ ಮೇಲೆ ನಡೆದು ಬಂಡೆಗೆ ಕಾಲಿಡಲು ಹೋದರು.

"ಬೂಟು ಬುಚ್ಚಿ ಸೋಮಿ!" ಎಂದು ದಾಸಮ್ಮ ಕೂಗಿದಳು. ಅವರು ಬೂಟು ಬಿಚ್ಚಿದರು. ಕಾಲುಚೀಲವನ್ನೂ ಬಿಚ್ಚಬೇಕಾಯಿತು. ಕಾದ ಬಂಡೆಯ ಮೇಲೆ ಕಾಲು ಬದಲಿಸುತ್ತ ಅವರು ನೂಕುಗೋಲಿನ ಹಿಂದಕ್ಕೆ ಹೋಗಿ, ನಕ್ಷೆಯಲ್ಲಿದ್ದಂತೆ ಎಡಕ್ಕೆ ನೂಕಿದರು. ಕೊಕ್ಕೆ ಕಚ್ಚಿತು. ಸೇತುವೆ ಕದಲಲಿಲ್ಲ.

"ನೋಡಿದ್ರಾ?" ಎಂದು ಅಲ್ಲಿಂದಲೇ ಕೂಗಿದರು, ಗೆದ್ದ ದನಿಯಲ್ಲಿ.

"ಬಲಕ್ಕೆ ಸಾರ್!"

"ನಕ್ಷೆಯಲ್ಲಿ ಎಡಕ್ಕೆ ಇದೆಯಲ್ಲಮ್ಮಾ!"

ಪ್ರತಿಮಾ ದ್ರಾಕ್ಷಾಯಿಣಿಯ ಕಡೆ ತಿರುಗಿದರು. "ಎಡಕ್ಕೆ ಇದ್ದದ್ದು ಯಾಕೆ?"

ಅರ್ಧ ಊರು ಕಿವಿಗೊಟ್ಟಿತ್ತು. ದಾಸಮ್ಮ ಮೊಳ ದೂರದಲ್ಲಿ ನಿಂತಿದ್ದಳು.

"ಕಾರಣ ಇರಲಿಲ್ಲ ಮೇಡಂ. ಕಂಪ್ಯೂಟರ್‌ನಲ್ಲಿ ಕೋನ ಎಡಕ್ಕೆ ಅಳೀತಾರೆ, ಹಂಗೇ ಬಿಟ್ಟೆ. ಇವರು ಕೇಳಿದಾಗ ಕಾರಣ ಇದೆ ಅಂತ ಸುಳ್ಳು ಹೇಳಿದೆ." ದಾಸಮ್ಮನ ಕಡೆ ಕೈ ತೋರಿಸಿದಳು. "ಬಲಕ್ಕೆ ಕಾರಣ ಇದೆ. ಇನ್ಮೇಲೆ ದಿನಾ ಇದನ್ನ ತಿರುಗಿಸೋರು ಇಲ್ಲೇ ಇರೋ ಇವರು. ಆತುರದಲ್ಲಿ, ಗಾಬರಿಯಲ್ಲಿ ಇವರ ಕಾಲು ಬಲಕ್ಕೇ ಹೋಗುತ್ತೆ. ಎಡಕ್ಕೆ ಇಟ್ರೆ ಒಂದಲ್ಲ ಒಂದು ದಿನ ಮುರೀತಾರೆ. ಮುರಿದೂ ತೋರಿಸಿದಾರೆ. ಕೊಕ್ಕೆ ಹಾಕಿದೀನಿ, ಇನ್ನು ತಪ್ಪು ಕಡೆಗೆ ಹೋಗೋಕೆ ಆಗಲ್ಲ."

"ಏಳಿದ್ರೆ ಅರ್ಥ ಆಯ್ತಲ್ಲವ್ವಾ," ಎಂದಳು ದಾಸಮ್ಮ.

ಪ್ರತಿಮಾ ಬಂಡೆಯ ಕಡೆ ಕೊಡೆ ಎತ್ತಿದರು. "ಬಲಕ್ಕೆ ನೂಕಿ!"

ದಯಾನಂದ್ ಕೋಲಿನ ಆ ಬದಿಗೆ ಬಂದರು. ಹನ್ನೊಂದು ಟನ್ನಿಗೆ ತಕ್ಕಂತೆ ಉಸಿರು ಎಳೆದುಕೊಂಡು, ಭುಜ ಕೊಟ್ಟು, ಇದ್ದ ಬಲವನ್ನೆಲ್ಲ ಹಾಕಿ ನೂಕಿದರು. ಆಮೇಲೆ ಎಲ್ಲರೂ ನೋಡಿದ್ದು, ಕೋಲು ಮುಂದೆ ಓಡುತ್ತಿರುವುದನ್ನು, ದಯಾನಂದ್ ಅದನ್ನು ಹಿಡಿದುಕೊಳ್ಳಲು ಬರಿಗಾಲಲ್ಲಿ ಅದರ ಹಿಂದೆ ಓಡುತ್ತಿರುವುದನ್ನು. ಕೊಕ್ಕೆ ಟಕಟಕ ಎಂದಿತು. ಸೇತುವೆಯ ಉದ್ದನೆಯ ನೆರಳು ನೀರಿನ ಮೇಲೆ ಬೀಸಿಕೊಂಡು ಹೋಯಿತು. ಠಣ್. ನಾಲಗೆ ಗುಳಿಗೆ ಬಿತ್ತು. ಬಂಡೆಯ ಎರಡೂ ಕಡೆ ಕೆರೆ ಬಾಯಿ ತೆರೆಯಿತು.

ಜನ ಕೂಗಿದ ಕೂಗಿಗೆ ಗುಡ್ಡದ ಮೇಲಿನ ಕುರಿಗಳೆಲ್ಲ ಚದುರಿದವು. ಗಫಾರನ ದೋಣಿ ಮೊದಲು ನುಗ್ಗಿತು, ಹಿಂದೆ ಉಳಿದವು. ನಡುವೆ, ನಾಲ್ಕೂ ಕಡೆ ನೀರು ತುಂಬಿದ ಬಂಡೆಯ ಮೇಲೆ, ಪ್ಯಾಂಟು ಮಡಿಸಿಕೊಂಡು ದಯಾನಂದ್ ಒಬ್ಬರೇ ನಿಂತಿದ್ದರು.

"ಸಾರ್, ಅಲ್ಲೇ ನಿಂತಿರಿ!" ಗಫಾರ್ ಎರಡೂ ಕೈ ಎತ್ತಿ ಕೂಗಿದ. "ಬಲೆ ಎಳ್ಕಂಡು ಸಂಜೀಕ್ ಬತ್ತೀವಿ! ಅಲ್ಲೀಗಂಟ ಬಾಗ್ಲು ಮುಚ್ಬ್ಯಾಡಿ!"

ದಯಾನಂದ್‌ಗೂ ನಗು ತಡೆಯಲಾಗಲಿಲ್ಲ. ಅವರು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ಸೇತುವೆಯನ್ನು. "ಏನಮ್ಮಾ ಹಚ್ಚಿದೀಯ ಇದಕ್ಕೆ?" ಎಂದು ಕೂಗಿದರು. ಪುಟ್ಟಲಿಂಗಯ್ಯ ದ್ರಾಕ್ಷಾಯಿಣಿಗಿಂತ ಮೊದಲು, "ಬೆಣ್ಣೆ ಸೋಮಿ!" ಎಂದ.

"ಮುಚ್ಚಿ," ಎಂದರು ಪ್ರತಿಮಾ.

ದಯಾನಂದ್ ಸೇತುವೆಯನ್ನು ಹಿಂದಕ್ಕೆ ಎಳೆಯಲು ಹೋದರು. "ಮುಂದಕ್ಕೇ ನೂಕಿ ಸಾರ್, ಬಲಕ್ಕೇ!" ಎಂದಳು ದ್ರಾಕ್ಷಾಯಿಣಿ. ಈ ಸಲ ಅವರು ಒಂದೇ ಕೈಯಲ್ಲಿ ನೂಕಿದರು. ಈ ದಡದ ತುದಿ ಆ ದಡಕ್ಕೆ ಹೋಗಿ ಕೂತಿತು. ಠಣ್. ಪ್ರತಿಮಾ ಹುಬ್ಬು ಮೇಲೇರಿಸಿದ್ದು ಆಗ ಮಾತ್ರ. ತುದಿಗಳು ಅದಲುಬದಲಾದದ್ದನ್ನು ಅವರು ಗಮನಿಸಿದ್ದರು. ಬಗ್ಗಿ ನಾಲ್ಕೂ ಕೂಡುಗಳ ಮೇಲೆ ಉಗುರು ಎಳೆದರು. ಬೆಣೆ ಬಿಗಿಸಿ ಎಂದರು. ಮರಳಿನ ಮೂಟೆ ಹೇರಿದ ರೈಲನ್ನು ಪೂರ್ತಿ ವೇಗದಲ್ಲಿ ಓಡಿಸಿ ಎಂದರು. ಚಿಕ್ಕರಾಜುವೇ ಎಂಜಿನ್ನಿಗೆ ಹತ್ತಿದ. ಟಕ್ ಟಕ್, ಆ ಕಡೆ ಟಕ್ ಟಕ್. ರೈಲು ಅಲುಗದೆ ದಾಟಿ ಗುಡ್ಡದ ಮರೆಗೆ ಹೋಯಿತು, ಅಲ್ಲಿಂದ ಅವನು ಒತ್ತಿದ ಸೀಟಿ ಮಾತ್ರ ಬಹಳ ಹೊತ್ತು ಕೇಳಿಸಿತು.

"ಮೋಟಾರ್ ಬಂದ್ರೆ ಏನ್ಮಾಡ್ತೀಯ?" ಎಂದು ಪ್ರತಿಮಾ ಕೇಳಿದರು.

"ವಾಪಸ್ ಕಳಿಸ್ತೀನಿ ಮೇಡಂ."

"ಕಳಿಸು. ಈ ಸೇತುವೆ ತಿರುಗುತ್ತೆ. ಇದನ್ನ ಯಾರೂ ವೆಲ್ಡ್ ಮಾಡಬೇಡಿ." ಅವರು ಕೊಡೆ ಮಡಚಿದರು. ಎರಡು ಹೆಜ್ಜೆ ಹೋಗಿ ನಿಂತರು. ಮೆಟ್ಟು ಕಳಚಿ, ಬಂಡೆಗೆ ಇಳಿದು ಹೋಗಿ ನೂಕುಗೋಲಿಗೆ ಕೈ ಹಚ್ಚಿದರು. ಸುಮ್ಮನೆ, ಪರೀಕ್ಷೆಗೆ ಸಂಬಂಧವಿಲ್ಲದೆ. ಬೆಣೆ ಎಳೆಯಲು ಪುಟ್ಟಲಿಂಗಯ್ಯ ಓಡಿದ.

ದಾಸಮ್ಮ ದ್ರಾಕ್ಷಾಯಿಣಿಯ ಪಕ್ಕಕ್ಕೆ ಬಂದು ನಿಂತಳು. "ಒಂದ್ಸಲ ತೆರೆದು ಮುಚ್ಚಿದ್ರೆ ಅರ್ಧ ಸುತ್ತು. ಅಲ್ವೇನವ್ವಾ?"

"ಹೂಂ."

"ಬೆಳಿಗ್ಗೆ ದೋಣಿ ಓಗ್ವಾಗ ಅರ್ಧ. ಸಂಜೆ ಬರ್ವಾಗ ಅರ್ಧ." ದಾಸಮ್ಮ ಬೆರಳು ಮಡಚಿದಳು. "ದಿನಕ್ಕೊಂದು ಪೂರ್ತಿ ಸುತ್ತು. ವರ್ಸಕ್ಕೆ ಎಷ್ಟಾಯ್ತು? ಈ ಸೀಮೆನಾಗೆ ಅಷ್ಟು ಪ್ರದಕ್ಷಿಣೆ ಹಾಕಿಸ್ಕಳೋ ದೇವ್ರು ಯಾವ್ದೈತೆ ತೋರ್ಸು ನೋಡುವಾ!"

ಬಂಡೆಯ ಮೇಲೆ ನರೆತಲೆಯ ಹೆಂಗಸೊಬ್ಬಳು ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಸೇತುವೆ ನೂಕುತ್ತ ಬಲಕ್ಕೆ ನಡೆಯುತ್ತಿದ್ದಳು. ದ್ರಾಕ್ಷಾಯಿಣಿ ಠಣ್ ಎನ್ನುವುದನ್ನು ಕಾಯುತ್ತ ನಿಂತಳು.